ಹನ್ನೆರಡು ಕಣ್ಣಿನ ನವಿಲು

ಬೈಲಹೊಂಗಲದ ಮಹಮ್ಮದಗೌಸ ಮಿಸ್ತ್ರಿಯ ವರ್ಕ್‌ಶಾಪಿನಲ್ಲಿ ಒಂದು ಮಾತನ್ನು ಯಾರೂ ಆಡುವಂತಿರಲಿಲ್ಲ. ಬೈಗುಳವೇನಲ್ಲ, ಬೈಗುಳಕ್ಕೆ ಅಲ್ಲಿ ಬರವೇ ಇರಲಿಲ್ಲ. ಆ ಮಾತು ‘ಚೋಟು’. ಹೆಬ್ಬೆರಳಿನ ತುದಿಯಿಂದ ತೋರುಬೆರಳಿನ ತುದಿಯವರೆಗೆ ಕೈ ಅಗಲಿಸಿದರೆ ಬರುವ ಅಳತೆ, ಹೆಚ್ಚುಕಡಿಮೆ ಆರು ಇಂಚು. ಹೊಸದಾಗಿ ಸೇರಿದ ಕೆಲಸದವನೊಬ್ಬ ಸರಳು ಜೋಡಿಸುತ್ತ “ನಡುವ ಚೋಟ ಬಿಡ್ಲೇನ್ರಿ?” ಎಂದು ಕೇಳಿದರೆ ಮುಗಿಯಿತು, ಮಿಸ್ತ್ರಿ ಕುಡಿಯುತ್ತಿದ್ದ ಚಹಾ ಅರ್ಧಕ್ಕೇ ಇಟ್ಟು ಎದ್ದು ಬರುತ್ತಿದ್ದ.

“ನಾಕ ಬಟ್ಟ ಬಿಡು, ಇಲ್ಲಂದ್ರ ತುಂಬ ಗೇಣ ಬಿಡು. ನಡುವಿಂದ ಯಾವುದೂ ಬ್ಯಾಡ.”

“ಯಾಕ್ರಿ?”

“ಯಾಕಂತ ಕೇಳಬ್ಯಾಡ. ಮಾಡು.”

ಲೆಕ್ಕ ಕಷ್ಟದ್ದೇನಲ್ಲ. ನಾಲ್ಕು ಬೆರಳಿನ ಸಂದಿಯಲ್ಲಿ ಮಗುವಿನ ಮೈ ತೂರುವುದಿಲ್ಲ. ತುಂಬು ಗೇಣಿನ ಸಂದಿಯಲ್ಲಿ ಮೈಯೂ ತೂರುತ್ತದೆ, ಹಿಂದೆಯೇ ತಲೆಯೂ ತೂರುತ್ತದೆ. ಚೋಟಿನ ಸಂದಿಯಲ್ಲಿ ಮೈ ಹೋಗುತ್ತದೆ, ತಲೆ ಉಳಿಯುತ್ತದೆ. ಕಾಲು ಮೊದಲು ಇಳಿಬಿಟ್ಟ ಮಗು ಕುತ್ತಿಗೆಯ ಮೇಲೆ ನೇತಾಡುತ್ತದೆ. ಇಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಮುಂದಿನದೆಲ್ಲ ಆಗುತ್ತಲೇ ಇರಲಿಲ್ಲ. ಆದರೆ ಗೌಸ ಹೇಳುವವನಲ್ಲ. ಕೈಯಿಂದ ಮಾಡಿ ತೋರಿಸುವ ಮಂದಿಗೆ ಬಾಯಿಂದ ಬಿಡಿಸಿ ಹೇಳುವುದೆಂದರೆ ಏನೋ ಒಂದು ಸಣ್ಣತನ ಅನ್ನಿಸುತ್ತದೆ. ಗೌಸನಿಗೆ ಅದರ ಜೊತೆಗೆ ಇನ್ನೊಂದು ಕಾರಣವೂ ಇತ್ತು.

ಆ ಕಾರಣಕ್ಕೆ ಈಗ ಇಪ್ಪತ್ತಾರು ವರ್ಷ. ಗೌಸ ಆಗಷ್ಟೇ ಮಹಡಿ ಏರಿಸಿದ್ದ, ಮೇಲಿನ ಗ್ಯಾಲರಿಗೆ ತಾನೇ ರೇಲಿಂಗ್ ಮಾಡಿ ಕೂಡಿಸಿದ್ದ. ನೋಡಿದವರೆಲ್ಲ ಹೊಗಳಿದ್ದರು. ಸರಳಿನಿಂದ ಸರಳಿಗೆ ಒಂದು ಚೋಟು. ಮೂರನೆಯ ದಿನ ಎರಡೂವರೆ ವರ್ಷದ ಮಗಳು ಫರೀನ್ ಕೆಳಗೆ ಬಂದ ಬಳೆಗಾರತಿಯನ್ನು ನೋಡಲೆಂದು ಆ ಸಂದಿಯಲ್ಲಿ ಕಾಲು ಇಳಿಬಿಟ್ಟು ಜಾರಿದಳು. ಹೆಂಡತಿ ನೂರಬಿ ಅಲ್ಲೇ ಬಟ್ಟೆ ಒಣಗಹಾಕುತ್ತಿದ್ದಳು. ಸರಳಿನ ನಡುವೆ ಎರಡೂ ಕೈ ತೂರಿಸಿ ಕೂಸಿನ ಮೈಯನ್ನು ಎತ್ತಿ ಹಿಡಿದಳು. ಗೌಸ ಹ್ಯಾಕ್ಸಾ ಬ್ಲೇಡು ತಂದು ಸರಳು ಕೊಯ್ದು ಮುಗಿಸುವವರೆಗೆ ಹಾಗೇ ಹಿಡಿದಿದ್ದಳು. ಕೂಸು ಬದುಕಿತು. ಮೂರು ದಿನ ಗಂಟಲಿನಿಂದ ಸ್ವರ ಹೊರಡಲಿಲ್ಲ. ಎಡಗಿವಿಯ ಕೆಳಗೆ ಒಂದು ಗುರುತು ಉಳಿಯಿತು. ನೂರಬಿಯ ಬಲಭುಜ ಇವತ್ತಿಗೂ ಚಳಿಗಾಲದಲ್ಲಿ ಮೇಲೇಳುವುದಿಲ್ಲ.

ರೇಲಿಂಗು ಅದೇ ವಾರ ಗುಜರಿಗೆ ಹೋಯಿತು. ಫರೀನ್ ದೊಡ್ಡವಳಾಗಿ ಕನ್ನಡಿಯಲ್ಲಿ ಗುರುತು ನೋಡಿ ಕೇಳಿದಾಗ “ಮಂಚದ ಮ್ಯಾಲಿಂದ ಬಿದ್ದಿದ್ದಿ” ಎಂದು ಗೌಸ ಹೇಳಿದ. ನೂರಬಿ ಮುಖ ತಿರುಗಿಸಿಕೊಂಡಳು. ಆಮೇಲೂ ಎಷ್ಟೋ ಸಲ ಆಕೆ ಗಂಡನಿಗೆ ಹೇಳಿದ್ದಳು, “ಒಮ್ಮೆ ಹೇಳಿಬಿಡ್ರಿ ಆಕಿಗೆ. ನೀವೇನ ಬೇಕಂತ ಮಾಡಿದ್ರೇನು?” ಎಂದು. ಗೌಸನಿಗೆ ಆಗಲಿಲ್ಲ. ತನ್ನ ಕೈ ತನ್ನ ಕೂಸಿನ ಕುತ್ತಿಗೆ ಹಿಡಿದಿತ್ತು ಅನ್ನುವುದನ್ನು ಯಾವ ಬಾಯಿಂದ ಹೇಳುವುದು? ಹೇಳದೆ ಉಳಿದದ್ದು ವರ್ಕ್‌ಶಾಪಿನ ಕಾನೂನಾಗಿ ಕೂತಿತು.

ಗೌಸನ ತಂದೆ ತಗಡಿನ ಟ್ರಂಕು ಮಾಡುತ್ತಿದ್ದವರು. ಗೌಸ ಬಹಳ ವರ್ಷ ಟ್ರ್ಯಾಕ್ಟರ್ ಟ್ರೇಲರ್ ಮಾಡಿದ. ಮಕ್ಕಳ ಆಟದ ಸಾಮಾನಿಗೆ ಕೈಹಾಕಿದ್ದು ಫರೀನಳಿಂದ. ಹುಬ್ಬಳ್ಳಿಯಲ್ಲಿ ಚಿತ್ರಕಲೆ ಕಲಿತು ಬಂದ ಹುಡುಗಿ ವರ್ಕ್‌ಶಾಪಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಕುದುರೆ ಬರೆದಳು. “ಅಬ್ಬಾ, ಇದರ ಪಕ್ಕೆಲಬು ಏಣಿ ಆಗಬೇಕು, ಬಾಲ ಜಾರುಬಂಡಿ ಆಗಬೇಕು” ಎಂದಳು. ಅಪ್ಪ ಒಂದು ವಾರ ಅದನ್ನು ನೋಡುತ್ತ ಕೂತ. ಆ ಕುದುರೆ ಈಗ ಕಿತ್ತೂರಿನ ಹೆದ್ದಾರಿಯ ಪಕ್ಕದ ತೋಟದಲ್ಲಿ ನಿಂತಿದೆ. ಬೆಳಗಾವಿಗೆ ಹೋಗುವ ಕಾರಿನವರು ಇಳಿದು ಫೋಟೋ ಹೊಡೆಸಿಕೊಳ್ಳುತ್ತಾರೆ, ಮಕ್ಕಳು ಅದರ ಹೊಟ್ಟೆಯೊಳಗೆ ತೂರಿ ಬೆನ್ನ ಮೇಲೆ ಹೊರಬರುತ್ತಾರೆ. ಆಮೇಲೆ ರಾಮದುರ್ಗಕ್ಕೊಂದು ಮೀನು, ಸಿರಸಂಗಿಗೊಂದು ಆಮೆ, ಹೀಗೆ ಒಂಬತ್ತು ಆದವು. ಊರವರ ಪಾಲಿಗೆ ಅವು ಮೂರ್ತಿ, ಮಕ್ಕಳ ಪಾಲಿಗೆ ಆಟ.

ಒಂದೊಂದರಲ್ಲೂ ಎಲ್ಲೋ ಒಂದು ಕಡೆ ಸರಳುಗಳು ಬಾಗುವಲ್ಲಿ ಆ ಕೆಟ್ಟ ಅಳತೆ ಬಂದೇ ಬರುತ್ತಿತ್ತು. ಅಲ್ಲಿಗೆ ಅಪ್ಪ ಮಗಳು ತಗಡು ಮುಚ್ಚುತ್ತಿದ್ದರು. ಅಲ್ಲಿ ಮಕ್ಕಳ ತಲೆ ಸಿಗುತ್ತದೆ ಎನ್ನುವಷ್ಟು ಮಗಳಿಗೆ ಗೊತ್ತಿತ್ತು, ತನ್ನ ಗುರುತಿನ ಕಥೆ ಗೊತ್ತಿರಲಿಲ್ಲ. ಬರೀ ತಗಡಾದರೆ ಚಂದ ಕೆಡುತ್ತದೆಂದು ಅದಕ್ಕೊಂದು ರೂಪ, ಒಂದು ಹೆಸರು. ಕುದುರೆಗೆ ಜೀನು. ಮೀನಿಗೆ ರೆಕ್ಕೆ. ಆಮೆಗೆ ಚಿಪ್ಪು. ತೋಟದವರಿಗೆ ಒಪ್ಪಿಸುವಾಗ ಗೌಸ ಹೆಸರಷ್ಟನ್ನೇ ಹೇಳುತ್ತಿದ್ದ. ಜೀನು ನೋಡ್ರಿ, ರೆಕ್ಕಿ ನೋಡ್ರಿ, ಅಷ್ಟೆ.

ಇನ್ನೊಂದು ಸಂಗತಿ. ಗೌಸನ ಯಾವ ಪ್ರಾಣಿಗೂ ಮುಖದಲ್ಲಿ ಕಣ್ಣಿರಲಿಲ್ಲ. “ಜೀವ ಕೊಡಾಕ ಆಗದಾಂವ ಕಣ್ಣ ಇಡಬಾರದು” ಎಂದು ತಾಯಿ ಚಿಕ್ಕಂದಿನಲ್ಲಿ ಹೇಳಿದ್ದನ್ನು ಆತ ಮೀರಿರಲಿಲ್ಲ. ಕಣ್ಣಿಲ್ಲದ ಕುದುರೆಯನ್ನು ಮಕ್ಕಳು ಯಾವತ್ತೂ ಯಾಕೆಂದು ಕೇಳಲಿಲ್ಲ.

ಸವದತ್ತಿಯ ಒಂದು ಹೊಸ ಬಡಾವಣೆಯ ತೋಟದ ಕಮಿಟಿಯವರು ನವಿಲು ಬೇಕೆಂದು ಬಂದರು. ನವಿಲುತೀರ್ಥ ಮಗ್ಗುಲಲ್ಲೇ ಇರುವ ಊರು ಬೇರೇನು ಕೇಳೀತು. ಕಮಿಟಿಯ ಹಿರಿಯ ಅಮೋಘಸಿದ್ದಪ್ಪನಿಗೆ ಗರಿ ಬಿಚ್ಚಿದ ನವಿಲೇ ಆಗಬೇಕು. ಫರೀನ್ ಅವತ್ತೇ ಬರೆದಳು. ಕತ್ತಿನ ಮೇಲಿಂದ ಜಾರುವುದು, ಬೆನ್ನ ಮೇಲೆ ನಿಲ್ಲುವುದಕ್ಕೆ ಎದೆಯೆತ್ತರದ ಕಟ್ಟೆ, ಹಿಂದೆ ಹದಿಮೂರು ಸರಳಿನ ಬಾಲ.

ಗೌಸ ಚಿತ್ರ ನೋಡಿ ಬೇಡವೆಂದ. “ಬೀಸಣಿಕಿ ಗತೆ ಬಿಚ್ಚಿದ ಬಾಲ ಬ್ಯಾಡ ಬೇಟಾ. ಬುಡಕ್ಕ ನಾಕ ಬಟ್ಟ, ತುದಿಗೆ ಗೇಣು. ನಡುವ ಆ ಅಳತಿ ಬಂದs ಬರತೈತಿ, ತಪ್ಪಸಾಕ ಆಗೂದಿಲ್ಲ.”

“ಬರೋ ಜಾಗಾದಾಗ ತಗಡ ಮುಚ್ಚಿಬಿಡೂಣ ಅಬ್ಬಾ. ನವಿಲ ಗರಿಗೆ ಕಣ್ಣ ಇರತಾವಲ್ಲ? ಹದಿಮೂರ ಸರಳಿಗೆ ಹನ್ನೆರಡ ಸಂದಿ, ಹನ್ನೆರಡ ಕಣ್ಣು.”

ಕಣ್ಣು ಎಂದ ಕೂಡಲೇ ಗೌಸನಿಗೆ ತಾಯಿಯ ಮಾತು ನೆನಪಾಗಿ ಒಂದು ಕ್ಷಣ ಮನಸ್ಸು ಹಿಂಜರಿಯಿತು. ಆದರೆ ಗರಿಯ ಕಣ್ಣು ನೋಡುವ ಕಣ್ಣೇ? ಒಪ್ಪಿಕೊಂಡ. ಎರಡು ಅಡಿ ಉದ್ದದ, ಬುಡದಲ್ಲಿ ಚೂಪು, ಮೇಲೆ ಅಗಲವಾದ ಹನ್ನೆರಡು ತಗಡು ಕೊಯ್ದು ಸರಳಿನ ನಡುವೆ ವೆಲ್ಡ್ ಮಾಡಿದ. ಫರೀನ್ ನೀಲಿ, ಹಸಿರು, ನಡುವೆ ಕಪ್ಪು ಬಣ್ಣ ಹಚ್ಚಿದಳು. ನವಿಲು ಎದ್ದು ನಿಂತಿತು. ಮುಖದಲ್ಲಿ ಕಣ್ಣಿಲ್ಲ, ಬೆನ್ನ ಹಿಂದೆ ಹನ್ನೆರಡು. ಕೆಲಸದವರೇ ಅದರ ಮುಂದೆ ಹಾದುಹೋಗುವಾಗ ಸ್ವಲ್ಪ ಬಳಸಿ ಹೋದರು ಎಂದು ನೂರಬಿ ಆಮೇಲೆ ನೆನಪಿಸಿಕೊಂಡಳು.

ಒಪ್ಪಿಸುವ ದಿನ ಅಮೋಘಸಿದ್ದಪ್ಪ ತಗಡು ತಟ್ಟಿ ಕೇಳಿದ, “ಇವೇನ್ರಿ ಮಿಸ್ತ್ರಿಯವರ?”

“ಕಣ್ಣ ಅದಾವ್ರಿ,” ಎಂದ ಗೌಸ.

ಅಷ್ಟೇ ಹೇಳಿದ. ಆ ಒಂದು ಮಾತಿನ ಬದಲು ಬೇರೆ ಯಾವ ಮಾತು ಹೇಳಿದ್ದರೂ ನಡೆಯುತ್ತಿತ್ತು.

ತೋಟದ ಎದುರಿಗೆ ಶಟ್ಟೆಪ್ಪನ ಮನೆ. ಎಪ್ಪತ್ತರ ಹತ್ತಿರದ ಮನುಷ್ಯ, ಬಟ್ಟೆ ಅಂಗಡಿ ಮಗನಿಗೆ ಬಿಟ್ಟು ಬಾಗಿಲ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂರುವವನು. ನವಿಲು ಬಂದ ತಿಂಗಳಲ್ಲಿ ಆತನ ಹೆಂಡತಿ ಕೆಂಚವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅದಾದ ಹದಿನೈದು ದಿನಕ್ಕೆ ಗೊತ್ತಾಗಿದ್ದ ಮೊಮ್ಮಗಳ ಲಗ್ನ ತಪ್ಪಿತು. ಕೆಂಚವ್ವನನ್ನು ನೋಡಲು ಬಂದ ನೆಂಟರ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ತಿರುಗಿ ನೋಡಿ, “ಅಯ್ಯ, ಅಷ್ಟೂ ಕಣ್ಣ ನಿಮ್ಮ ಬಾಗಲಾಗ ನಟ್ಟಾವಲ್ರಿ” ಅಂದುಬಿಟ್ಟಳು. ಅವತ್ತಿನಿಂದ ಶಟ್ಟೆಪ್ಪ ಪೇಪರ್ ಓದುವುದನ್ನು ಬಿಟ್ಟು ನವಿಲನ್ನು ನೋಡುತ್ತ ಕೂತ.

ಗೌಸ ಎರಡು ತಿಂಗಳಿಗೊಮ್ಮೆ ತನ್ನ ಸಾಮಾನುಗಳನ್ನೆಲ್ಲ ನೋಡಿಕೊಂಡು ಬರುವವನು. ಬೋಲ್ಟು ತಿರುವುವುದು, ತುಕ್ಕು ಕೆರೆಯುವುದು, ಎಲ್ಲಾದರೂ ಚೂಪು ಎದ್ದಿದ್ದರೆ ಅರದಿಂದ ಉಜ್ಜುವುದು. ಮೊದಲ ಸಲ ಹೋದಾಗ ನವಿಲಿನ ಕೊರಳಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿತ್ತು. ಎರಡನೆಯ ಸಲ ಐದು ಕಣ್ಣಿಗೆ ಯಾರೋ ಡಾಂಬರು ಬಳಿದಿದ್ದರು. ಶಟ್ಟೆಪ್ಪನ ಬಾಗಿಲಿಗೆ ನೇರ ಬರುವ ಐದು. ಡಾಂಬರು ಬಿಸಿಲಿಗೆ ಇಳಿದು ನವಿಲು ಅತ್ತಂತೆ ಕಾಣುತ್ತಿತ್ತು.

ಶಟ್ಟೆಪ್ಪ ತಾನಾಗಿಯೇ ಎದ್ದು ಬಂದ. ಸುಳ್ಳು ಹೇಳುವ ಮನುಷ್ಯನಲ್ಲ. “ನಾನs ಬಳಿಸೇನ್ರಿ ಮಿಸ್ತ್ರಿಯವರ. ಸಿಟ್ಟಾಗಬ್ಯಾಡ್ರಿ. ಮನಿಯಾಗ ಒಂದಾದ ಮ್ಯಾಲ ಒಂದ ಆಗಾಕ ಹತ್ತಾವು. ಆ ಕಣ್ಣ ತಗದಬಿಡ್ರಿ.”

ಆಗ ಹೇಳಬೇಕಿತ್ತು. ಸುತ್ತ ನಾಲ್ಕು ಜನ ನಿಂತಿದ್ದರು, ಕಮಿಟಿಯವರೂ ಇದ್ದರು. ಗೌಸನ ಬಾಯಿಗೆ ಬಂದದ್ದು ನಗೆಮಾತು. “ನವಿಲ ನೋಡಿದ್ರ ಏನ ಆಗತೈತ್ರಿ ಯಜಮಾನ್ರ, ಪೊಲೀಸ್ರು ನೋಡಿದ್ರ ಅಂಜಬೇಕು.” ನಿಂತವರು ನಕ್ಕರು. ಶಟ್ಟೆಪ್ಪ ನಗಲಿಲ್ಲ. ಸುಮ್ಮನೆ ತಿರುಗಿ ಹೋಗಿ ಬಾಗಿಲು ಹಾಕಿಕೊಂಡ. ಗೌಸ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಐದೂ ಕಣ್ಣು ಒರೆಸಿ, ತನ್ನ ಜಾಣತನಕ್ಕೆ ತಾನೇ ಖುಷಿಪಟ್ಟುಕೊಂಡು ಊರಿಗೆ ಬಂದ.

ಫೋನು ಬಂದದ್ದು ಒಂದು ರವಿವಾರ, ಮಧ್ಯಾಹ್ನ ಮೂರೂವರೆಗೆ. ಅಮೋಘಸಿದ್ದಪ್ಪ ಯಾವುದೋ ಲಗ್ನದ ಊಟ ಮುಗಿಸಿ ಮಾತಾಡುತ್ತಿದ್ದ, ಹಿಂದೆ ಬ್ಯಾಂಡಿನ ಗದ್ದಲ.

“ಮಿಸ್ತ್ರಿಯವರ, ಒಂದ ಮಾತ ಕೇಳೂದಿತ್ತು. ನವಿಲಿಗೆ ಹಚ್ಚಿದ ಬಣ್ಣ ಯಾ ಕಂಪನೀದ್ರಿ? ಕೊಯ್ದಲ್ಲಿ ಹಚ್ಚಬೇಕಾಗೇತಿ.”

“ಏನ ಕೊಯ್ದೀರಿ?”

“ಅವs ಐದ ಕಣ್ಣು. ಶಟ್ಟೆಪ್ಪಜ್ಜ ಉಣ್ಣೂದ ಬಿಟ್ಟ ಕುಂತಿದ್ದ ನೋಡ್ರಿ, ಕಮಿಟಿ ಮಂದಿ ಎಲ್ಲಾರೂ ಒಪ್ಪಿ ನಿನ್ನೆ ತಗಸೇವಿ. ಖರೇ ಹೇಳ್ಲೇನು, ಈಗ ಇನ್ನೂ ಛಲೋ ಕಾಣತೈತಿ. ಹಿಂದಿನ ಆಕಾಶ ಕಾಣತೈತಿ.”

ಗೌಸನ ಕೈ ತಾನಾಗಿಯೇ ಅಗಲವಾಯಿತು, ಹೆಬ್ಬೆರಳು ಒಂದು ಕಡೆ, ತೋರುಬೆರಳು ಒಂದು ಕಡೆ. ಅದನ್ನು ಆತ ಒಂದು ಕ್ಷಣ ಬೇರೆಯವರ ಕೈಯೆಂಬಂತೆ ನೋಡಿದ.

“ಮಕ್ಕಳನ್ನ ಅದರ ಮ್ಯಾಲ ಹತ್ತಗೊಡಬ್ಯಾಡ್ರಿ. ಈಗಿಂದೀಗ ಇಳಸ್ರಿ.”

“ಯಾಕ್ರಿ?”

“ನಾ ಬಂದ ಹೇಳತೇನಿ.”

“ನಾ ಯರಗಟ್ಟಿ ಕಡೆ ಲಗ್ನದಾಗ ಅದೇನ್ರಿ. ಸಂಜಿಕ ಹೋಗಿ ಹೇಳತೇನಿ, ಆತಿಲ್ಲೋ,” ಎಂದು ಆತ ಫೋನಿಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಗೌಸ ಪಿಕಪ್ ಹೊರಗೆ ತೆಗೆದ. ಫರೀನ್ ಕೇಳದೆ ಪಕ್ಕ ಹತ್ತಿ ಕೂತಳು. ನೂರಬಿ ಬಾಗಿಲವರೆಗೆ ಬಂದು ಗಂಡನ ಮುಖ ನೋಡಿದಳು. ಎಡಗೈಯಿಂದ ತನ್ನ ಬಲಭುಜ ಹಿಡಿದುಕೊಂಡು ನಿಂತಳು.

ಸವದತ್ತಿ ಒಂದು ತಾಸಿನ ದಾರಿ. ಅವತ್ತು ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಎರಡೆರಡು ಟ್ರೇಲರ್ ಎಳೆದುಕೊಂಡು ನಡುರಸ್ತೆಯಲ್ಲೇ ಹೊರಟಿದ್ದವು. ಆ ಟ್ರೇಲರುಗಳಲ್ಲಿ ಅರ್ಧ ಗೌಸನ ಕೈಯವೇ. ಹಾರ್ನು ಹೊಡೆದರೆ ಹಾಡಿನ ಗದ್ದಲದಲ್ಲಿ ಮುಂದಿನವನಿಗೆ ಕೇಳಿಸದು. ಫರೀನ್ ಕಮಿಟಿಯ ಇನ್ನಿಬ್ಬರಿಗೆ ಫೋನು ಹಚ್ಚಿದಳು. ಒಬ್ಬನದು ಬಂದ್, ಇನ್ನೊಬ್ಬ ಧಾರವಾಡದಲ್ಲಿದ್ದ. ರವಿವಾರ ನಾಲ್ಕು ಗಂಟೆಗೆ ತೋಟದಲ್ಲಿ ಎಷ್ಟು ಮಕ್ಕಳಿರುತ್ತಾರೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಬೆನ್ನ ಮೇಲಿನ ಕಟ್ಟೆ, ಹಿಂದೆ ತೆರೆದ ಐದು ಸಂದಿ, ಕೆಳಗೆ ಎದೆಯೆತ್ತರದ ಖಾಲಿ. ಜಾರುವ ಪಾಳಿ ಬರುವವರೆಗೆ ತಾಳದ ಯಾವುದೋ ಒಂದು ಮಗು ಹಿಂದಿನಿಂದಲೇ ಇಳಿಯೋಣ ಎಂದು ಕಾಲು ಇಳಿಬಿಡುತ್ತದೆ. ಗೌಸ ಅದನ್ನು ರಸ್ತೆಯುದ್ದಕ್ಕೂ ನೋಡುತ್ತಲೇ ಗಾಡಿ ಓಡಿಸಿದ.

ತೋಟದ ಗೇಟಿನಲ್ಲಿ ಜನ ಗುಂಪುಗಟ್ಟಿದ್ದರು. ಗದ್ದಲವಿರಲಿಲ್ಲ. ಅದು ಗೌಸನನ್ನು ಹೆಚ್ಚು ಹೆದರಿಸಿತು.

ನವಿಲಿನ ಹಿಂದೆ ಶಟ್ಟೆಪ್ಪ ನಿಂತಿದ್ದ. ಆತನ ಎರಡೂ ಹೆಗಲ ಮೇಲೆ ಎರಡು ಪುಟ್ಟ ಬರಿಗಾಲು. ಮೇಲೆ ಸರಳಿನ ನಡುವೆ ನಾಲ್ಕು ವರ್ಷದ ಹುಡುಗಿಯ ತಲೆ. ಹುಡುಗಿಯ ತಾಯಿ ಭಾಗೀರಥಿ ನವಿಲಿನ ಬೆನ್ನ ಮೇಲೆ ಮೊಣಕಾಲೂರಿ ಮಗಳ ಗಲ್ಲ ಹಿಡಿದು “ಐಶ್ವರ್ಯಾ, ನನ್ನ ನೋಡು, ನನ್ನ ನೋಡವ್ವ” ಎನ್ನುತ್ತಿದ್ದಳು. ಸರಳಿಗೆಲ್ಲ ಕೊಬ್ಬರಿ ಎಣ್ಣೆ ಸುರಿದಿದ್ದರು. ಇಬ್ಬರು ಹುಡುಗಿಯ ತೋಳು ಹಿಡಿದು ಎಳೆಯಲು ಮತ್ತೆ ತಯಾರಾಗುತ್ತಿದ್ದರು.

“ಜಗ್ಗಬ್ಯಾಡ್ರಿ,” ಎಂದ ಗೌಸ. “ಯಾರೂ ಮುಟ್ಟಬ್ಯಾಡ್ರಿ. ಅಜ್ಜಾರ, ನೀವಷ್ಟ ಹಂಗs ನಿಂದರ್ರಿ.”

“ನಿಂತೇನಪಾ,” ಎಂದ ಶಟ್ಟೆಪ್ಪ. ಕಣ್ಣು ತೆಗೆಸಿದ ಸಂದಿಯಲ್ಲಿ ಮಗುವಿನ ಕಾಲು ಒದ್ದಾಡುವುದು ಆತನಿಗೆ ಬಾಗಿಲ ಕಟ್ಟೆಯಿಂದಲೇ ಕಂಡಿತ್ತು. ಚಪ್ಪಲಿಯಿಲ್ಲದೆ ಓಡಿ ಬಂದವನು ಇಪ್ಪತ್ತು ನಿಮಿಷದಿಂದ ಹೀಗೇ ನಿಂತಿದ್ದ. ಬದಲಿಗೆ ಬರುತ್ತೇವೆ ಎಂದವರ ಮಾತು ಒಪ್ಪಿರಲಿಲ್ಲ.

ಇಪ್ಪತ್ತಾರು ವರ್ಷದಿಂದ ಗೌಸ ಗಾಡಿಯ ಸೀಟಿನ ಕೆಳಗೆ ಒಂದು ಸಣ್ಣ ಜಾಕ್ ಇಟ್ಟುಕೊಂಡೇ ತಿರುಗುತ್ತಿದ್ದ. ಬ್ಲೇಡಿನಿಂದ ಕೊಯ್ಯುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗೊತ್ತಿದ್ದ ಮನುಷ್ಯ. ಜಾಕನ್ನು ಎರಡು ಸರಳಿನ ನಡುವೆ ಅಡ್ಡ ಇಟ್ಟು ತಿರುವಿದ. ಕಬ್ಬಿಣ ಕಿರುಗುಟ್ಟಿತು. ಫರೀನ್ ಹುಡುಗಿಯ ಕಿವಿಯ ಮೇಲೆ ಅಂಗೈ ಇಟ್ಟಳು. ಇನ್ನೊಂದು ಸುತ್ತು, ಇನ್ನೊಂದು. ಸರಳು ಬಾಗಿತು. ಗೌಸ ಆ ಹೊತ್ತಿನಲ್ಲೂ ರೂಢಿ ತಪ್ಪದೆ ಕೈ ಅಗಲಿಸಿ ಸಂದಿಗೆ ಹಿಡಿದು ನೋಡಿದ. ತುಂಬು ಗೇಣು. ಹುಡುಗಿಯನ್ನು ಎತ್ತಿ ತಾಯಿಯ ಮಡಿಲಿಗೆ ಕೊಟ್ಟ.

ಮಗು ಅಳಲಿಲ್ಲ. ಕಣ್ಣು ಬಿಟ್ಟಿತ್ತು, ಉಸಿರಾಡುತ್ತಿತ್ತು, ಬಾಯಿ ತೆರೆದರೂ ಸ್ವರ ಬರಲಿಲ್ಲ. ಎಡಗಿವಿಯ ಕೆಳಗೆ ಕೆಂಪಗೆ ಒಂದು ಬರೆ ಎದ್ದಿತ್ತು. ಯಾರದೋ ಕಾರಿನಲ್ಲಿ ತಾಯಿ ಮಗಳನ್ನು ದವಾಖಾನೆಗೆ ಒಯ್ದರು. ಮುಕ್ಕಾಲು ತಾಸಿಗೆ ಫೋನು ಬಂತು. ಹುಡುಗಿ ಸನ್ನೆ ಮಾಡಿ ನೀರು ಕೇಳಿದ್ದಾಳೆ, ಕುಡಿದಿದ್ದಾಳೆ, ಸ್ವರ ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಶಟ್ಟೆಪ್ಪ ನೆಲದ ಮೇಲೆ ಕೂತಿದ್ದ. ಅಂಗಿಯ ಹೆಗಲ ಮೇಲೆ ಎರಡು ಮಣ್ಣಿನ ಪಾದ ಮೂಡಿದ್ದವು.

“ಅವು ಇದಕ್ಕ ಇದ್ದೂವೇನ್ರಿ?” ಎಂದು ಕೇಳಿದ.

“ಹೌದ್ರಿ.”

“ಕಣ್ಣ ಅಂದ್ರಲ್ರಿ ನೀವು. ಮುಚ್ಚಳ ಅದಾವ ಅಂದಿದ್ರ ನಾ ಮುಟ್ಟತಿದ್ದಿಲ್ಲ. ನನಗ ಹುಚ್ಚ ಹಿಡದಿತ್ತ ಅನ್ರಿ, ನಿಮಗೇನಾಗಿತ್ತು? ಒಂದ ಮಾತ ಹೇಳಬಾರದಾಗಿತ್ತೇನ್ರಿ?”

ಗೌಸನೊಳಗೆ ಮುದುಕನ ಮೇಲೆ ಎರಡು ತಾಸಿನಿಂದ ಕುದಿಯುತ್ತಿದ್ದ ಸಿಟ್ಟು ಆ ಕ್ಷಣಕ್ಕೆ ತಿರುಗಿ ತನ್ನ ಮೇಲೆ ಬಂತು.

ಉಳಿದ ಏಳು ಕಣ್ಣು ಸಂಜೆಯ ಬಿಸಿಲಿಗೆ ಹೊಳೆಯುತ್ತಿದ್ದವು. ಫರೀನ್ ನವಿಲಿನ ಸುತ್ತ ತಂತಿ ಬಿಗಿದು ಬಂದಳು. ಬಂದವಳು ಗಾಡಿಯ ಹತ್ತಿರ ನಿಂತು ಏನೋ ಯೋಚಿಸಿ, ಮೆಲ್ಲಗೆ ಹೇಳಿದಳು. “ಅಬ್ಬಾ, ಇವಂತೂ ವೆಲ್ಡಿಂಗಿನವು, ಆದ್ರೂ ತಗದ್ರು. ಕಿತ್ತೂರ ಕುದುರಿ ಜೀನು ಬರೇ ನಾಕ ಬೋಲ್ಟಿನ ಮ್ಯಾಲ ಐತಿ.”

ಗೌಸ ಫೋನು ತೆಗೆದ. ಕಿತ್ತೂರಿನ ತೋಟ ನೋಡಿಕೊಳ್ಳುವವನು ಮಡಿವಾಳೆಪ್ಪ, ಹಸನ್ಮುಖಿ. ಎರಡನೆಯ ರಿಂಗಿಗೇ ಎತ್ತಿದ. ಹಿಂದೆ ಮಕ್ಕಳ ಕೂಗಾಟ ಕೇಳಿಸುತ್ತಿತ್ತು.

“ಮಡಿವಾಳೆಪ್ಪ, ಕುದುರಿ ಜೀನ ಐತಿಲ್ಲೋ?”

“ಐತ್ರಿ, ಜ್ವಾಕಿಲೆ ಒಳಗ ಇಟ್ಟೇನಿ. ಬಿಸಲಿಗೆ ಕಾದ ಮಕ್ಕಳ ತೊಡಿ ಸುಡತಾವಂತ ಮೊನ್ನೆ ಬಿಚ್ಚಿದೆ.”

“ಈಗ ಅದರ ಮ್ಯಾಲ ಮಕ್ಕಳ ಅದಾವೇನು?”

“ಅದಾವಲ್ರಿ, ರವಿವಾರ ಅಲ್ಲೇನು? ಹದಿನೈದ ಇಪ್ಪತ್ತ ಆಗತಾವು.”

“ಎಲ್ಲಾರನೂ ಇಳಸು.”

“ಯಾಕ್ರಿ ಮಿಸ್ತ್ರಿಯವರ?” ಮಡಿವಾಳೆಪ್ಪ ನಗುತ್ತಲೇ ಕೇಳಿದ.

ಗೌಸ ಮಗಳ ಕಡೆ ನೋಡಿದ. ಆಕೆ ಎರಡು ಮಾರು ದೂರದಲ್ಲಿ, ತಂತಿಯ ಸುರುಳಿ ಹಿಡಿದು ನಿಂತಿದ್ದಳು. ಬಂದು ಹೇಳುತ್ತೇನೆ ಎನ್ನುವ ಮಾತು ನಾಲಗೆಯ ಮೇಲಿತ್ತು. ಅದನ್ನು ನುಂಗಿದ.

“ಅದು ಜೀನ ಅಲ್ಲೋ ಮಡಿವಾಳೆಪ್ಪ. ಕೂಸಿನ ಕುತ್ತಿಗಿ ಸಿಗಬಾರದಂತ ಮುಚ್ಚಿದ ತಗಡ ಅದು. ಒಂದ ಚೋಟಿನ ಸಂದಿ. ಮೈ ಹೋಗತೈತಿ, ತಲಿ ಉಳೀತೈತಿ. ನನ್ನ ಮಗಳು ಫರೀನ್ ಹಂಗs ಸಿಕ್ಕಿದ್ದಳು. ನಾ ಮಾಡಿದ ರೇಲಿಂಗಿನಾಗs, ನನ್ನ ಮನಿಯಾಗs. ಓಡು.”

ಆ ಕಡೆ ನಗು ನಿಂತಿತು. ಫೋನು ಇಟ್ಟ ಸಪ್ಪಳವಲ್ಲ, ಓಡುವ ಚಪ್ಪಲಿಯ ಸಪ್ಪಳ, ಆಮೇಲೆ ದೂರದಿಂದ “ಇಳೀರಿ, ಎಲ್ಲಾರೂ ಇಳೀರಿ” ಎನ್ನುವ ಕೂಗು. ಗೌಸ ಫೋನನ್ನು ಕಿವಿಗೆ ಒತ್ತಿ ಹಿಡಿದು ಮಕ್ಕಳು ಒಬ್ಬೊಬ್ಬರಾಗಿ ನೆಲಕ್ಕೆ ಹಾರುವುದನ್ನು ಎಣಿಸತೊಡಗಿದ. ಫರೀನಳ ಕೈ ಎಡಗಿವಿಯ ಕೆಳಗಿನ ಗುರುತಿನ ಮೇಲೆ ಹೋಗಿ ಅಲ್ಲೇ ನಿಂತಿತ್ತು.